ಒಂದೇ ಗುಂಡು

ಸಾವಿಗೆ ಎರಡು ಗುಂಡು, ಬೆನ್ನುಬೆನ್ನಿಗೆ.
ಗಂಡು ಹುಟ್ಟಿದರೆ ಒಂದು.
ಇದನ್ನು ನಮ್ಮಲ್ಲಿ ಯಾರೂ ಯಾರಿಗೂ ಕಲಿಸುವುದಿಲ್ಲ.
ನಾಯಿಗಳಿಗೂ ಗೊತ್ತು:
ಒಂದಕ್ಕೆ ಬೊಗಳುತ್ತವೆ,
ಎರಡಕ್ಕೆ ಬಾಲ ಮಡಚಿ ಒಲೆಬೂದಿಗೆ ಸರಿಯುತ್ತವೆ.

ಕಾಫಿ ಹೂಬಿಟ್ಟ ಮೂರನೇ ದಿನ
ಕಕ್ಕಬ್ಬೆಯ ಮೇಲಿನ ಏರಿನಲ್ಲಿ
ಚೋಂದವ್ವ ಹೋದಳು, ಕೋಳಿ ಕೂಗುವ ಮೊದಲು.
ಅವರ ಒಕ್ಕಕ್ಕೆ ನಾವು ಅರುವರು,
ಮದುವೆಯಲ್ಲಿ ಮುಂದೆ ನಿಲ್ಲುವವರು, ಮಸಣದಲ್ಲೂ.
ಅಜ್ಜನ ನಂತರ ಕೋವಿ ನನ್ನ ಹೆಗಲಿಗೆ ಬಂದಿತ್ತು,
ಜೊತೆಗೊಂದು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ,
ಅದರೊಳಗೆ ಯಾವ ಕಾಲದ್ದೋ ತೋಟಾಗಳು.

ಅಂಗಳದ ಮೂಲೆಗೆ ನಿಂತು ಆಕಾಶಕ್ಕೆ ಹಿಡಿದೆ.
ಎಡನಳಿಕೆ ಸಿಡಿಯಿತು.
ಬಲನಳಿಕೆ
ಟಕ್ ಅಂದಿತು, ಅಷ್ಟೆ.
ಮತ್ತೊಮ್ಮೆ ಎಳೆದೆ. ಟಕ್.
ಹೂವಿನ ವಾಸನೆ, ಮದ್ದಿನ ವಾಸನೆ,
ನನ್ನ ಕಿವಿಯೊಳಗೆ ಜೀರುಂಡೆ.
'ಇನ್ನೊಂದು ಹಾಕೋ' ಎಂದ ಚಿಟ್ಟಿಯಪ್ಪ.
'ಬೇಡ, ಹೊತ್ತು ಮೀರಿತು,
ಈಗ ಹೊಡೆದರೆ ಅವಳಿ ಅಂದುಕೊಳ್ಳುತ್ತಾರೆ'
ಎಂದದ್ದು ಯಾರೋ, ಕತ್ತಲಲ್ಲಿ.
ಆ ಮನೆಯ ಅಳು ಒಂದು ಕ್ಷಣ
ನಗಬೇಕೋ ಬೇಡವೋ ಎಂದು ತಡೆದು ನಿಂತಿತು.

ಎದುರು ಏರಿನಲ್ಲಿ ಒಂದು ದೀಪ ಹೊತ್ತಿತು,
ಇಳಿಯಿತು, ಗದ್ದೆ ದಾಟಿತು, ಹತ್ತಿತು.
ಕುಟ್ಟಯ್ಯನ ಹೆಂಡತಿ ಪಾರವ್ವ
ಒಂದು ಕೈಯಲ್ಲಿ ಜೇನಿನ ಸೀಸೆ, ಕಂಕುಳಲ್ಲಿ ಹೇಂಟೆ,
ದೂರದಿಂದಲೇ ಕೂಗಿದಳು: 'ಯಾರಿಗೆ? ಯಾವ ಸೊಸೆಗೆ?'
ಮೆಟ್ಟಿಲ ಹತ್ತಿರ ಬಿಳಿಬಟ್ಟೆ ಕಂಡಳು.
ಕಂಕುಳು ಸಡಿಲಾಯಿತು.
ಹೇಂಟೆ ಕೆಳಗಿಳಿದು
ನೆಂಟಳ ಹಾಗೆ ಸೀದಾ ಒಳಗೆ ಹೋಯಿತು.

ಆಮೇಲೆ ಎಲ್ಲವೂ ನಡೆಯಬೇಕಾದ ಹಾಗೆಯೇ ನಡೆಯಿತು.
ಒಲೆ ಹಚ್ಚದ ಮನೆಗೆ ಅನ್ನ ಊರಿನ ಒಲೆಗಳಿಂದ ಬಂತು,
ಕುಂಬಳಕಾಯಿ ಸಾರು, ಉಪ್ಪು ಸ್ವಲ್ಪ ಜಾಸ್ತಿ.
ತೂಕುಬೊಳ್ಚದ ಕೆಳಗೆ ಒಬ್ಬೊಬ್ಬರೂ ಬಗ್ಗಿ
ಅವಳ ತುಟಿಗೆ ತೊಟ್ಟು ನೀರು ಬಿಟ್ಟರು.
ಮಧ್ಯಾಹ್ನದ ಹೊತ್ತಿಗೆ ಬಿರುನಾಣಿಯಿಂದ
ಅಕ್ಕ ಬೊಳ್ಳವ್ವ ಬಂದಳು, ತವರಿನ ಬಟ್ಟೆ ಮಡಿಲಲ್ಲಿಟ್ಟುಕೊಂಡು,
ಎಂಬತ್ತೆಂಟರ ಬೆನ್ನು ಕುಡುಗೋಲಿನಷ್ಟು ಬಾಗಿ.
ನನ್ನ ಗುಂಡು ಕೇಳದಷ್ಟು ದೂರ ಅವಳೂರು.
ಆದರೂ ತಪ್ಪೊಪ್ಪಿಕೊಂಡೆ.

ಅವಳು ತಂಗಿಯ ಪಾದ ತಿಕ್ಕುತ್ತಲೇ ಇದ್ದಳು,
ಚಳಿಗೆ ಮರಗಟ್ಟಿದ ಮಗುವಿನ ಪಾದ ತಿಕ್ಕಿದ ಹಾಗೆ.
'ಇವಳು ಹುಟ್ಟುವ ರಾತ್ರಿ
ಅಪ್ಪ ಕೋವಿ ತುಂಬಿ ಅಂಗಳದಲ್ಲಿ ನಿಂತಿದ್ದ.
ನಾವು ಮೊದಲೇ ಮೂವರು ಹೆಣ್ಣು.
ಒಳಗಿನಿಂದ ಕಂಚಿನ ತಟ್ಟೆಯ ಸದ್ದು ಕೇಳಿ
ತೋಟಾ ತೆಗೆದು ಜೇಬಿಗೆ ಹಾಕಿಕೊಂಡ.
ಬೈಯಲಿಲ್ಲ. ಊಟ ಮಾಡಲಿಲ್ಲ.'
ಸ್ವಲ್ಪ ಹೊತ್ತು ಸುಮ್ಮನಿದ್ದು,
'ಬಾಕಿ ಇತ್ತು, ಬಂತು' ಎಂದಳು.
ಬೇರೆ ಮಾತಿಲ್ಲ.
ಒಕ್ಕದ ತೂಟಂಗಳದವರೆಗೆ ಅವಳೂ ನಡೆದಳು,
ಬೇಡವೆಂದರೂ.

ಮಾದ ಕಳೆಯುವವರೆಗೆ ಆ ಮನೆಯಲ್ಲಿ ಮಾಂಸವಿಲ್ಲ.
ಹೇಂಟೆಗೆ ಅದು ಹೇಗೋ ತಿಳಿದುಬಿಟ್ಟಿತು,
ಕೈಸಾಲೆಯ ಬೆಂಚಿನಡಿ ಮೊಟ್ಟೆಯಿಡತೊಡಗಿತು.
ಮರುವರ್ಷ ಕಾರಣರಿಗೆ ಕೊಡುವ ದಿನ
ಬಾಳೆಲೆಯ ಮೇಲೆ ಹಂದಿ, ಕೋಳಿ (ಅದಲ್ಲ, ಬೇರೊಂದು),
ಒಂದು ಲೋಟ ಸಾರಾಯಿ, ಅವಳ ನಶ್ಯದ ಡಬ್ಬಿ.
ಎಲೆ ಇಟ್ಟು ಬಾಗಿಲು ಮುಚ್ಚಿ ಹೊರಗೆ ಕಾದೆವು.
ಒಳಗೇನಾದರೂ ಸೀನು ಕೇಳುತ್ತದೆಯೇ ಎಂದು
ಚಿಟ್ಟಿಯಪ್ಪ ಕಿವಿಗೊಟ್ಟದ್ದನ್ನು ನಾನು ನೋಡಿದೆ.

ಸಿಡಿಯದ ಆ ತೋಟಾ ನನ್ನಲ್ಲೇ ಇದೆ,
ಹಿತ್ತಾಳೆ ಬೆನ್ನಿನಲ್ಲಿ ಎರಡು ಕುಳಿ.
ಕೈಲ್ ಪೊಳ್ದ್‌ಗೆ ಕೋವಿ ತೊಳೆದು
ತೋಕ್‌ಪೂ ಸಿಕ್ಕಿಸುವಾಗ ಅದನ್ನೂ ಪಕ್ಕಕ್ಕಿಡುತ್ತೇನೆ.
ಮಗಳು ಕೇಳುತ್ತಾಳೆ, ಇದು ಯಾರದ್ದು?
ಒರೆಸಿಡು ಎನ್ನುತ್ತೇನೆ,
ಮೆಲ್ಲಗೆ,
ಅದರೊಳಗೆ ಮದ್ದಿದೆ.